ಆಷಾಢದಲ್ಲಿ ಸೋರಿದ ಲಾರಿ

ಆ ವರ್ಷ ನಮ್ಮ ಲಾರಿ ಎಲ್ಲೆಲ್ಲಿ ನಿಂತಿತ್ತೆಂದು ಯಾರೂ ನನ್ನನ್ನು ಕೇಳಬೇಕಾಗಿರಲಿಲ್ಲ. ನೆಲ ನೋಡಿದರೆ ಸಾಕಿತ್ತು. ಹುಣಸೂರಿನ ಸಂತೆಮಾಳ, ಪಿರಿಯಾಪಟ್ಟಣದ ಮಂಡಿಯ ಮುಂಭಾಗ, ಕೊಪ್ಪದ ಕಾಫಿ ಹೋಟೆಲಿನ ಎದುರು, ಹೆಗ್ಗಡದೇವನಕೋಟೆಯ ಮರದ ಡಿಪೋ ಬಾಗಿಲು, ಎಲ್ಲ ಕಡೆಯೂ ಊಟದ ತಟ್ಟೆಯಗಲದ ಕಪ್ಪು ಕಲೆ. "ನೆನ್ನೆ ಕೊಪ್ಪದಲ್ಲಿ ಭಾಳ ಹೊತ್ತು ಕೂತಿದ್ದೆ ಅಂತ ಕಾಣ್ತದೆ," ಎನ್ನುತ್ತಿದ್ದರು ನಮ್ಮ ಭಾವ. ಕಲೆಯ ಅಗಲ ನೋಡಿ ನಾನು ಅಲ್ಲಿ ಬರೀ ಕಾಫಿ ಕುಡಿದೆನೋ ಇಡ್ಲಿಯನ್ನೂ ತಿಂದೆನೋ ಎಂದು ಹೇಳುವಷ್ಟು ಅವರು ಪಳಗಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಲಾರಿ ಅವರದು. ಕೊಡಗಿನ ಕಾಫಿ ತೋಟವೊಂದರಲ್ಲಿ ಗೇಯ್ದು ದಣಿದಿದ್ದ ಅಮೆರಿಕದ ಗಾಡಿಯದು. ತೋಟದವರು ಹೊಸದು ತಂದುಕೊಂಡಾಗ ಇದನ್ನು ಭಾವ ಕೊಂಡು ತಂದರು. ಅವರಿಗೆ ಎತ್ತಿನ ಗಾಡಿಯೆಂದರೆ ಕೈಯೊಳಗಿನ ಕೆಲಸ, ಸ್ಟೇರಿಂಗು ಹಿಡಿಯಲು ಮಾತ್ರ ಜೀವ ಹೋದರೂ ಒಪ್ಪುತ್ತಿರಲಿಲ್ಲ. ಹೀಗಾಗಿ ಮೈಸೂರಿನಲ್ಲಿ ಒಂದು ಬಸ್ಸಿನವರ ಬಳಿ ಡ್ರೈವರಿಕೆ ಕಲಿತಿದ್ದ ನನ್ನನ್ನು ಕರೆಸಿಕೊಂಡರು. ನಾನು ಓಡಿಸುತ್ತಿದ್ದೆ, ಜೊತೆಗೆ ಬಂದ ದಿನ ಅವರು ಪಕ್ಕದಲ್ಲಿ ಕೂತು ಎದುರಿಗೆ ಬರುವ ದನ, ಗಾಡಿ, ಜನ ಎಲ್ಲವನ್ನೂ ನನಗೆ ತೋರಿಸುತ್ತಿದ್ದರು. ನಾನೂ ಅದನ್ನೇ ನೋಡುತ್ತಿದ್ದೇನೆ ಎಂಬ ನಂಬಿಕೆ ಅವರಿಗೆ ಕೊನೆಯವರೆಗೂ ಬರಲಿಲ್ಲ.

ಮೊದಲೆರಡು ವರ್ಷ ಲಾರಿ ಒಂದು ತೊಟ್ಟೂ ಸೋರಿರಲಿಲ್ಲ. ಮೂರನೆಯ ವರ್ಷದ ವೈಶಾಖದಲ್ಲಿ ನನ್ನ ಮದುವೆಯಾಯಿತು. ಹೆಣ್ಣು ಹೊಸ ಅಗ್ರಹಾರದ ಪಕ್ಕದ ಒಂದು ಹಳ್ಳಿಯವಳು. ಮನೆಯಲ್ಲಿ ಚಪ್ಪರ, ನೆಂಟರು, ಓಡಾಟ. ಬಾಡಿಗೆಗೆ ಹೋಗುವವರಿಲ್ಲದೆ ಲಾರಿ ಹುಣಸೂರಿನ ನಮ್ಮ ಗಾಡಿ ಕೊಟ್ಟಿಗೆಯಲ್ಲಿ ಎಷ್ಟೋ ದಿನ ನಿಂತೇ ಇತ್ತು. ಎಲ್ಲ ಮುಗಿದ ಮೇಲೆ ಹ್ಯಾಂಡಲು ತಿರುವಿ ಎಬ್ಬಿಸಿ ಪಿರಿಯಾಪಟ್ಟಣಕ್ಕೆ ಹೋಗಿ ಬಂದೆ. ಬಂದು ನಿಲ್ಲಿಸಿದಲ್ಲಿ ಎಣ್ಣೆ ಕಂಡಿತು.

"ಮದುವೆ ಆದದ್ದು ನೀನು, ಕಣ್ಣೀರು ಆಕ್ತಿರೋದು ಲಾರಿ," ಎಂದರು ಭಾವ. ಆಗ ಇನ್ನೂ ಅವರಿಗೆ ನಗು ಬರುತ್ತಿತ್ತು.

ಆಮೇಲಾಮೇಲೆ ಬರಲಿಲ್ಲ. ಯುದ್ಧ ಶುರುವಾಗಿತ್ತು. ಪೆಟ್ರೋಲಿಗೆ ಕೂಪನ್ನು. ಇಂಜಿನ್ ಎಣ್ಣೆಯೋ, ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಡಬ್ಬಿ ಸಿಕ್ಕಿದ ದಿನ ಭಾವ ಅದನ್ನು ತುಪ್ಪದ ಗಡಿಗೆಯ ಹಾಗೆ ಎರಡು ಕೈಯಲ್ಲಿ ಹಿಡಿದು ತಂದು ಅಡಿಗೆ ಮನೆಯ ಅಟ್ಟದ ಮೇಲೆ ಇಡುತ್ತಿದ್ದರು. ಅಂಥ ಎಣ್ಣೆಯನ್ನು ನಾನು ರಸ್ತೆಯುದ್ದಕ್ಕೂ ಚೆಲ್ಲಿಕೊಂಡು ಬರುತ್ತಿದ್ದೆ.

ಲಕ್ಷ್ಮಣತೀರ್ಥದ ಸೇತುವೆ ದಾಟಿದರೆ ಒಬ್ಬರು ಮೇಸ್ತ್ರಿಯ ಶೆಡ್ಡಿತ್ತು. ಬಸ್ಸು, ಲಾರಿ, ಅಕ್ಕಿ ಗಿರಣಿಯ ಇಂಜಿನ್ನು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದವರು. ಮಾತು ಕಡಿಮೆ. ಲಾರಿಯ ಕೆಳಗೆ ಮಲಗಿ ನೋಡಿ, "ಚೇಂಬರಿನ ಪ್ಯಾಕಿಂಗು," ಎಂದರು. ಚೇಂಬರೆಂದರೆ ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ. ಅದನ್ನು ಇಂಜಿನ್ನಿಗೆ ಬಿಗಿದ ಕಡೆ ಎಣ್ಣೆ ಜಿನುಗದಿರಲೆಂದು ಬಿರಡೆಯ ಪಟ್ಟಿ ಹಾಕಿರುತ್ತಾರೆ. ಅದನ್ನು ಬದಲಾಯಿಸಿದೆವು. ಮೂರು ದಿನ ಚೆನ್ನಾಗಿತ್ತೆಂದು ನಾವು ನಂಬಿದೆವು. ನಾಲ್ಕನೆಯ ದಿನ ಮರದ ಡಿಪೋದವರು ಅವರ ಅಂಗಳ ಹಾಳಾಯಿತೆಂದು ಗಲಾಟೆ ಮಾಡಿದರು.

ಮತ್ತೆ ಹೋದೆ. ಪಕ್ಕದ ಮುಚ್ಚಳದ ಪ್ಯಾಕಿಂಗು ಬದಲಾಯಿತು. ಮತ್ತೆ ಹೋದೆ. ತಳದ ನಟ್ಟಿಗೆ ಹೊಸ ತಾಮ್ರದ ವಾಷರು ಬಿತ್ತು. ಲಾರಿ ಮಾತ್ರ ಸೋರುತ್ತಲೇ ಇತ್ತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ, ಕೆಲವೊಮ್ಮೆ ಮುಚ್ಚಿದ ಕಡೆಯೇ. ಇಂಜಿನ್ನೆಲ್ಲ ಎಣ್ಣೆ, ಧೂಳು, ಕೆಸರು ಮೆತ್ತಿ ಎಲ್ಲಿಂದ ಹೊರಟು ಎಲ್ಲಿಗೆ ಹರಿಯುತ್ತದೆಂದು ಕಂಡುಹಿಡಿಯುವುದೇ ಆಗುತ್ತಿರಲಿಲ್ಲ. ಕೊನೆಗೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಇಂದ್ಗಡೆ ಮೇನ್ ಬೇರಿಂಗು ಸವೆದಿರಬೇಕು ಕಣಪ್ಪ. ಇಂಜಿನ್ ಕೆಳಗಿಳಿಸ್ಬೇಕು. ಸಾಮಾನು ಬೆಂಗಳೂರಿಂದ ಬರ್ಬೇಕು. ಯುದ್ಧ ಬೇರೆ, ಯಾವಾಗ ಬತ್ತದೋ ದೇವರೇ ಬಲ್ಲ," ಎಂದರು.

ಭಾವ ಆ ದಿನ ಉಣ್ಣುವಾಗ ಲಾರಿ ಮಾರುವ ಮಾತೆತ್ತಿದರು. ಅಕ್ಕ, "ಸೋರೋ ಲಾರಿನ ಯಾರು ತಗೋತಾರೆ," ಎಂದಳು. ಭಾವ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರುವ ಹಾಗಿಲ್ಲ, ತವರಿಗೆ ಹೋಗಬೇಕು. ಅಳಿಯ ಅಲ್ಲಿಗೂ ಹೋಗುವ ಹಾಗಿಲ್ಲ. ಆ ತಿಂಗಳು ಅತ್ತೆಯೂ ಅಳಿಯನೂ ಒಂದೇ ಹೊಸ್ತಿಲು ದಾಟಬಾರದು ಎನ್ನುತ್ತಾರೆ. ನನ್ನ ಹೆಂಡತಿಯನ್ನು ಅವಳ ಅಣ್ಣ ಬಂದು ಗಾಡಿಯಲ್ಲಿ ಕರೆದುಕೊಂಡು ಹೋದ. ಅವಳು ನಮ್ಮ ಮನೆಗೆ ಬಂದು ಇನ್ನೂ ಸರಿಯಾಗಿ ನಮ್ಮಿಬ್ಬರಿಗೂ ಮಾತು ಹತ್ತಿರಲಿಲ್ಲ. ಹೋಗುವಾಗ ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕಡೆ ಒಮ್ಮೆ ನೋಡಿ, ಗಾಡಿ ಹತ್ತಿದಳು. ಆ ನೋಟವನ್ನು ನಾನು ಎಲ್ಲಿಗೆ ಹೋದರೂ ಜೊತೆಗಿಟ್ಟುಕೊಂಡು ಓಡಾಡುತ್ತಿದ್ದೆ.

ಅದೇ ತಿಂಗಳು ನಮಗೆ ಕೃಷ್ಣರಾಜನಗರದಿಂದ ಅಕ್ಕಿ ಮೂಟೆ ತರುವ ಬಾಡಿಗೆ ಸಿಕ್ಕಿತು. ಊರಿನ ಹೆಸರು ಬದಲಾಗಿದ್ದರೂ ನಾವೆಲ್ಲ ಇನ್ನೂ ಎಡತೊರೆ ಎನ್ನುತ್ತಿದ್ದೆವು. ಆ ದಾರಿ ನನ್ನ ಹೆಂಡತಿಯ ಊರಿನ ಅಂಚಿನಲ್ಲೇ ಹೋಗುತ್ತದೆ. ಭಾವನಿಗೆ ಮಳೆಗಾಲದಲ್ಲಿ ಮಂಡಿ ನೋವು, ಅವರು ಬರುತ್ತಿರಲಿಲ್ಲ. ರಸ್ತೆಯ ಬದಿಯಲ್ಲಿ ಒಂದು ದೊಡ್ಡ ಹೊಂಗೆ ಮರ, ಅದರ ಪಕ್ಕ ಊರಿನ ಬಾವಿ. ಲಾರಿಗೆ ಎಣ್ಣೆ ಹಾಕಲೇಬೇಕಲ್ಲ, ಎಲ್ಲಾದರೂ ನಿಲ್ಲಿಸಲೇಬೇಕಲ್ಲ. ನಾನು ಅಲ್ಲಿ ನಿಲ್ಲಿಸಿದೆ.

ಮೊದಲ ದಿನ ಅವಳು ನೀರಿಗೆ ಬಂದಿದ್ದಳು. ನನ್ನನ್ನು ಕಂಡು ಕೊಡ ಕೆಳಗಿಟ್ಟು ನಿಂತಳು.

"ಇಲ್ಲಿ ಯಾಕೆ ನಿಲ್ಸಿದ್ರಿ?"

"ಎಣ್ಣೆ ಸೋರ್ತದೆ. ಹಾಕ್ಬೇಕು."

"ಅಷ್ಟೇನಾ," ಎಂದಳು.

"ಅಷ್ಟೇ," ಎಂದೆ. ಇಬ್ಬರೂ ನಕ್ಕೆವು. ಅದು ನಾವಿಬ್ಬರೂ ಒಟ್ಟಿಗೆ ನಕ್ಕ ಮೊದಲ ನಗು. ಮನೆಯಲ್ಲಿ ಯಾವಾಗಲೂ ಯಾರಾದರೂ ಇರುತ್ತಿದ್ದರು.

ಅಲ್ಲಿಂದ ಮುಂದೆ ಲಾರಿಯ ಸದ್ದು ಕೇಳಿದರೆ ಅವಳಿಗೆ ಮನೆಯಲ್ಲಿ ನೀರು ಸಾಲದೆ ಬರುತ್ತಿತ್ತು. ನಾನು ಡಬ್ಬಿ ಹಿಡಿದು ನಿಧಾನವಾಗಿ ಎಣ್ಣೆ ಹಾಕುವುದು, ಅವಳು ನಿಧಾನವಾಗಿ ಕೊಡ ತೊಳೆಯುವುದು. ಅವರ ಮನೆಯ ಎಮ್ಮೆ ಕರು ಹಾಕಿದ್ದು, ಅವಳು ಸಣ್ಣವಳಿದ್ದಾಗ ಇದೇ ಬಾವಿಗೆ ಬೆಳ್ಳಿ ಕಾಲ್ಗೆಜ್ಜೆ ಬೀಳಿಸಿದ್ದು, ನಾನು ಮೈಸೂರಿನಲ್ಲಿ ಮೊದಲ ಸಲ ಬಸ್ಸು ಓಡಿಸಿ ಒಂದು ದೀಪದ ಕಂಬವನ್ನು ತಬ್ಬಿಕೊಂಡದ್ದು, ಎಲ್ಲ ಮಾತು ಆ ಮರದ ಕೆಳಗೇ ಆಯಿತು. ಸೋರುವ ಲಾರಿಯ ಮೇಲೆ ನನಗೆ ಮೊದಲಿದ್ದ ಸಿಟ್ಟು ಇರಲಿಲ್ಲ.

ಒಂದು ದಿನ ಮಳೆ ಬಿಡುವು ಕೊಟ್ಟಿತ್ತು. ಎಳೆ ಬಿಸಿಲು. ಹೊಂಗೆ ಮರದ ಕೆಳಗೆ ನಿಲ್ಲಿಸಿ ಇಳಿದರೆ ಬಾವಿಯ ಬಳಿ ಇಬ್ಬರಿದ್ದರು. ನನ್ನ ಹೆಂಡತಿ ತಲೆ ತಗ್ಗಿಸಿಕೊಂಡಿದ್ದಳು. ಪಕ್ಕದಲ್ಲಿ ನಮ್ಮ ಅತ್ತೆ, ಸೆರಗನ್ನು ಮುಖಕ್ಕೆ ಅಡ್ಡ ಮಾಡಿಕೊಂಡು, ನನ್ನನ್ನು ನೋಡದ ಹಾಗೆ ಹೊಲದ ಕಡೆ ತಿರುಗಿ ನಿಂತಿದ್ದರು. ನಾನು ಡಬ್ಬಿ ಹಿಡಿದುಕೊಂಡು ಲಾರಿಯ ಆಚೆ ಬದಿಗೆ ಸರಿದೆ.

ಅತ್ತೆ ಮಗಳಿಗೆ ಹೇಳುವಂತೆ ಹೇಳಿದರು. "ನಾಲ್ಕೈದು ದಿವಸದಿಂದ ನೋಡ್ತಾ ಇವ್ನಿ ಕಣವ್ವ. ಈ ಮರದ ಬುಡದ ನೀರಿನ ಮ್ಯಾಲೆ ನವಿಲು ಗರಿ ಬಣ್ಣ. ಮಳೆ ಬಂದು ಓಯ್ತದೆ, ಮಾರನೆ ದಿಸ ಮತ್ತೆ ಅದೆ. ಎಲ್ಲಿಂದ ಬತ್ತದೆ ಈ ಬಣ್ಣ ಅಂತ ನಾನೂ ಯೋಚ್ನೆ ಮಾಡ್ದೆ."

ನಿಂತ ನೀರಿನ ಮೇಲೆ ಎಣ್ಣೆ ಹರಡಿ ಬಣ್ಣ ಬಣ್ಣವಾಗುವುದನ್ನು ನಾವಿಬ್ಬರೂ ದಿನಾ ನೋಡಿದ್ದೆವು. ಚೆಂದವಾಗಿದೆ ಎಂದೂ ಅಂದುಕೊಂಡಿದ್ದೆವು. ಅದು ನಮ್ಮ ಸುದ್ದಿ ಹೇಳುತ್ತದೆಂದು ಹೊಳೆದಿರಲಿಲ್ಲ.

ನಾನು ಲಾರಿಯ ಆಚೆಯಿಂದಲೇ, "ತಪ್ಪಾಯ್ತು ಅತ್ತೆಮ್ಮ. ಇನ್ಮುಂದೆ ಬೇರೆ ಕಡೆ ನಿಲ್ಲಿಸ್ತೀನಿ," ಎಂದೆ.

"ತಪ್ಪೇನು ಬಂತು ಬುಡಿ ಅಳಿಯಂದ್ರೆ. ಒಂದು ಒಸ್ತಿಲು ದಾಟ್ಬಾರ್ದು ಅಂತ ಇರೋದು. ರಸ್ತೆಗೆ ಒಸ್ತಿಲು ಎಲ್ಲದೆ?" ಎಂದರು ಅತ್ತೆ. ಸೆರಗು ಸ್ವಲ್ಪ ಕೆಳಗಿಳಿಯಿತು. "ಅದಿರ್ಲಿ. ಇದು ದಿನಾ ಇಂಗೆ ಸೋರ್ತಾ ಇದ್ರೆ ನಿಮ್ಮ ಭಾವ ಏನಂತಾರೆ?"

ನಾನು ಎಲ್ಲ ಹೇಳಿದೆ. ಮೂರು ಸಲ ರಿಪೇರಿ ಮಾಡಿಸಿದ್ದು, ಬೇರಿಂಗಿನ ಮಾತು, ಭಾವ ಮಾರುತ್ತೇನೆಂದದ್ದು. ಅತ್ತೆ ಈಗ ಪೂರ್ತಿ ಈ ಕಡೆ ತಿರುಗಿ ಲಾರಿಯನ್ನು ಕೊಳ್ಳುವ ಎಮ್ಮೆಯನ್ನು ನೋಡುವ ಹಾಗೆ ಮುಂದಿನಿಂದ ಹಿಂದಿನವರೆಗೆ ನೋಡಿದರು.

"ಸೋರೋ ಜಾಗ ಯಾರಾದ್ರೂ ಕಣ್ಣಲ್ಲಿ ಕಂಡವ್ರಾ?"

"ಎಲ್ಲಾ ಕಡೆ ಎಣ್ಣೆ ಮೆತ್ಕೊಂಡದೆ. ಗೊತ್ತಾಗಲ್ಲ."

"ನಮ್ಮಲ್ಲಿ ನೀರಿನ ಮಣ್ಣಿನ ಅರವಿ ಜಿನುಗಿದ್ರೆ ಒರೆಸಿ, ಒಣಗಿಸಿ, ಮ್ಯಾಲೆ ಬೂದಿ ಬಳಿದು ನೀರು ತುಂಬ್ತೀವಿ. ಮೊದ್ಲು ಎಲ್ಲಿ ಒದ್ದೆ ಆಯ್ತದೋ ಅಲ್ಲಿ ಬಿರುಕು. ಇದಕ್ಕೆ ಅಂಗೆ ಮಾಡಕ್ಕಾಗಲ್ವಾ?"

ಕಪ್ಪು ಎಣ್ಣೆಯ ಮೇಲೆ ಬೂದಿ ಕಾಣುವುದು ಕಷ್ಟ ಎಂದೆ. ನನ್ನ ಹೆಂಡತಿ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟಳು. "ರಂಗೋಲಿ ಪುಡಿ ಬೆಳ್ಳಗಿರ್ತದೆ." ಯಾರೂ ಹೋಗು ಎನ್ನುವ ಮೊದಲೇ ಕೊಡ ಬಿಟ್ಟು ಮನೆಗೆ ಓಡಿದಳು.

ಲಾರಿಯಲ್ಲಿ ಸೀಮೆಎಣ್ಣೆಯೂ ಹಳೆ ಬಟ್ಟೆಯೂ ಇದ್ದವು. ಬಾನೆಟ್ಟು ಎತ್ತಿ ನಾನು ಇಂಜಿನ್ನನ್ನು ಒರೆಸಿದೆ. ಅಷ್ಟು ಶ್ರದ್ಧೆಯಿಂದ ನಾನು ಹಬ್ಬದ ದಿನ ಮೈಯನ್ನೂ ತೊಳೆದುಕೊಂಡಿರಲಿಲ್ಲ. ಮೆತ್ತಿದ್ದ ಕೊಳೆ ಬಿಟ್ಟು ತಳದಲ್ಲಿ ಹಸಿರು ಬಣ್ಣ ಕಂಡಿತು. ಲಾರಿಯ ಇಂಜಿನ್ನು ಹಸಿರೆಂದು ಆ ದಿನ ತಿಳಿಯಿತು. ಅವಳು ಪುಡಿಯ ಡಬ್ಬ ತಂದಳು. ಬಾಗಿಲ ಮುಂದೆ ಎಳೆ ಎಳೆಯುವ ಕೈ, ಚಿಟಿಕೆ ಹಿಡಿದು ಇಂಜಿನ್ನಿನ ಮೇಲೆಲ್ಲ ತೆಳ್ಳಗೆ ಉದುರಿಸಿತು. ಸೀಮೆಎಣ್ಣೆಯ ಪಸೆಗೆ ಪುಡಿ ಅಂಟಿಕೊಂಡು ಇಂಜಿನ್ನು ಸುಣ್ಣ ಹೊಡೆದ ಗೋಡೆಯಂತಾಯಿತು. ಅತ್ತೆ ದೂರದಿಂದಲೇ, "ಆ ಮೂಲೆ ಬುಟ್ಟೆ ನೋಡು," ಎಂದು ಹೇಳುತ್ತಿದ್ದರು.

ಬಾನೆಟ್ಟು ಮುಚ್ಚಿ ಎಡತೊರೆಗೆ ಹೋದೆ. ಅಕ್ಕಿ ಹೇರಿಸಿಕೊಂಡು, ಗಿರಣಿಯವರು ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೊರಟು ಸಂಜೆಗೆ ಮುಂಚೆ ಹೊಂಗೆ ಮರ ತಲುಪಿದೆ. ಇಬ್ಬರೂ ಅಲ್ಲೇ ಕಾಯುತ್ತಿದ್ದರು. ಅತ್ತೆಗೆ ಈಗ ಸೆರಗಿನ ನೆನಪಿರಲಿಲ್ಲ. ಇಂಜಿನ್ ನಿಲ್ಲಿಸದೆ ಬಾನೆಟ್ಟು ಎತ್ತಿದೆ. ಮೂವರೂ ಬಗ್ಗಿದೆವು.

ಒಂದು ಕಡೆ ಒದ್ದೆಯಿದ್ದೀತು ಎಂದು ನಾನು ಕಾದಿದ್ದೆ. ನೋಡಿದರೆ ಮುಂದಿನ ಮುಚ್ಚಳದ ಸುತ್ತ ಕಪ್ಪು ಗೆರೆ, ಪಕ್ಕದ ಮುಚ್ಚಳದ ಸುತ್ತ ಕಪ್ಪು ಗೆರೆ, ಚೇಂಬರಿನ ಅಂಚಿನುದ್ದಕ್ಕೂ ಗೆರೆ, ಎಣ್ಣೆ ಅಳೆಯುವ ಕಡ್ಡಿಯ ಬಾಯಿಯ ಸುತ್ತ ಸಣ್ಣ ಸಣ್ಣ ಚುಕ್ಕಿ. ರಂಗೋಲಿಯನ್ನು ಲಾರಿಯೇ ಬಿಡಿಸಿದ ಹಾಗಿತ್ತು.

"ಇದೇನು, ಮೈಯೆಲ್ಲಾ ಸೋರ್ತದೆ," ಎಂದರು ಅತ್ತೆ.

ಇಷ್ಟು ಕಡೆ ಸೋರುವ ಇಂಜಿನ್ನನ್ನು ಯಾವ ಮೇಸ್ತ್ರಿ ತಾನೇ ಏನು ಮಾಡಿಯಾನು. ಇರಲಿ, ಹುಣಸೂರು ತಲುಪುವಷ್ಟು ಎಣ್ಣೆಯಾದರೂ ಹಾಕೋಣವೆಂದು ದಿನಾ ಇಂಜಿನ್ ನಿಲ್ಲಿಸಿದ ಮೇಲೆ ತೆಗೆಯುತ್ತಿದ್ದ, ಎಣ್ಣೆ ಹಾಕುವ ಬಾಯಿಯ ಹಿತ್ತಾಳೆ ಮುಚ್ಚಳವನ್ನು ಈ ಸಲ ಇಂಜಿನ್ ಓಡುತ್ತಿದ್ದಂತೆಯೇ ತಿರುಗಿಸಿದೆ. ಭುಸ್ ಎಂದು ಹಾವು ಬುಸುಗುಟ್ಟಿದಂತೆ ಒಳಗಿನಿಂದ ಗಾಳಿ ನುಗ್ಗಿತು. ಮುಚ್ಚಳದ ಮೇಲೂ ಸುತ್ತಲೂ ಕೂತಿದ್ದ ಪುಡಿಯೆಲ್ಲ ಎದ್ದು ನಮ್ಮ ಮುಖಕ್ಕೆ ಬಡಿಯಿತು.

ಕಣ್ಣುಜ್ಜಿಕೊಂಡು ನೋಡಿದರೆ ಅತ್ತೆಯ ಹುಬ್ಬು, ಮೂಗು, ತಲೆಗೂದಲು ಎಲ್ಲ ಬೆಳ್ಳಗೆ. ನನ್ನ ಹೆಂಡತಿಯ ಒಂದು ಕೆನ್ನೆ ಮಾತ್ರ ಬೆಳ್ಳಗೆ, ಇನ್ನೊಂದರ ಮೇಲೆ ಎಣ್ಣೆಯ ಹನಿ. ನಾನು ಹೇಗೆ ಕಾಣುತ್ತಿದ್ದೆನೋ, ಅವಳು ನನ್ನನ್ನು ನೋಡಿ ಕೂತೇಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಮೊದಲು ಮಗಳನ್ನು ಗದರಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ಅವರೂ ಮರಕ್ಕೆ ಒರಗಿ ನಗತೊಡಗಿದರು. "ಆಸಾಡದಲ್ಲಿ ಅಳಿಯನ ಮುಖ ನೋಡ್ಬಾರ್ದು ಅಂತ ಇದ್ದೆ. ಇದು ಯಾರ ಮುಖ ಅಂತ್ಲೇ ಗೊತ್ತಾಯ್ತಿಲ್ಲ, ತಪ್ಪೇನಿಲ್ಲ ಬುಡು," ಎಂದರು.

ನಗು ನಿಂತ ಮೇಲೆ ಅವಳೇ ಕೇಳಿದಳು. "ಒಳಗಡೆ ಅಷ್ಟೊಂದು ಗಾಳಿ ಯಾಕದೆ?"

ನಾನು ಮುಚ್ಚಳ ಕೈಯಲ್ಲಿ ಹಿಡಿದು ನಿಂತಿದ್ದೆ. ಯಾಕಿದೆ? ಅನ್ನದ ಗಡಿಗೆಗೆ ಬಿಗಿಯಾಗಿ ತಟ್ಟೆ ಮುಚ್ಚಿದರೆ ಗಂಜಿ ಸುತ್ತಲೂ ಉಕ್ಕುತ್ತದೆ. ಗಡಿಗೆಯಲ್ಲಿ ತೂತೇನೂ ಇರುವುದಿಲ್ಲ. ಇಲ್ಲಿಯೂ ಎಣ್ಣೆ ತಾನಾಗಿ ಸೋರುತ್ತಿಲ್ಲ, ಗಾಳಿ ಅದನ್ನು ಸಂದುಸಂದಿನಿಂದ ತಳ್ಳುತ್ತಿದೆ ಎಂದು ಆಗ ತಲೆಗೆ ಹೋಯಿತು. ಮುಚ್ಚಳವನ್ನು ಬಿಗಿ ಮಾಡದೆ, ಮೇಲೊಂದು ಬಟ್ಟೆ ಸಡಿಲವಾಗಿ ಕಟ್ಟಿ ಹುಣಸೂರಿಗೆ ಹೊರಟೆ. ದಾರಿಯಲ್ಲಿ ಒಂದೆರಡು ಕಡೆ ಇಳಿದು ತಳ ನೋಡಿದೆ. ಹನಿ ಬಹಳ ಕಡಿಮೆಯಾಗಿತ್ತು.

ಬೆಳಗ್ಗೆ ಎದ್ದವನೇ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಭಾವ ಮಂಡಿ ನೋವು ಮರೆತು ಜೊತೆಗೆ ಬಂದರು. ಮೇಸ್ತ್ರಿ ಬಿಳಿ ಇಂಜಿನ್ ನೋಡಿ, "ಇದೇನು ಲಾರಿಗೆ ಮದುವೆ ಮಾಡ್ತಿದ್ದೀರಾ?" ಎಂದರು. ಬೆರಳಲ್ಲಿ ಪುಡಿ ಉಜ್ಜಿ ನೋಡಿ ಗಂಭೀರವಾದರು. "ಇದು ಕಲ್ಲಿನ ಪುಡಿ ಕಣಪ್ಪ. ಒಳಕ್ಕೋದ್ರೆ ಇಂಜಿನ್ ತಿಂದಾಕ್ಬುಡ್ತದೆ. ಅಕ್ಕಿ ಹಿಟ್ಟು ಆಕ್ಬೇಕಿತ್ತು." ಆಮೇಲೆ ಗಾಳಿಯ ಕತೆ ಹೇಳಿದೆ. ಅವರು ಕೈಯಲ್ಲಿದ್ದ ಬೀಡಿ ಎಸೆದರು.

"ಗಾಳಿ ಬಂತಾ? ಅಂಗಾದ್ರೆ ಬೇರಿಂಗ್ ಅಲ್ಲ ಬುಡಿ."

ಇಂಜಿನ್ನಿನ ಹಿಂಬದಿಯಲ್ಲಿ ಹೆಬ್ಬೆರಳ ದಪ್ಪದ ಒಂದು ಕೊಳವೆ ಕೆಳಕ್ಕೆ ಇಳಿದಿರುತ್ತದೆ. ಒಳಗಿನ ಬಿಸಿ ಗಾಳಿ ಹೊರಹೋಗಲು ಅದೊಂದೇ ದಾರಿ. ಮೊದಲು ಎಣ್ಣೆ ಹಾಕುವ ಮುಚ್ಚಳದಲ್ಲೂ ತೂತುಗಳಿದ್ದುವಂತೆ. ತೋಟದಲ್ಲಿ ಅದು ಕಳೆದುಹೋಗಿ, ಯಾರೋ ಹಿತ್ತಾಳೆಯಲ್ಲಿ ಗಟ್ಟಿ ಮುಚ್ಚಳ ಮಾಡಿಸಿ ಹಾಕಿದ್ದರು. ಮೇಸ್ತ್ರಿ ಕೊಳವೆ ಬಿಚ್ಚಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಏನೂ ಕಾಣಲಿಲ್ಲ. ಉದ್ದನೆಯ ಕಂಬಿ ತೂರಿಸಿ ನೆಲಕ್ಕೆ ಕುಟ್ಟಿದರು. ಒಣ ಮಣ್ಣಿನ ಉಂಡೆಗಳು ಉದುರಿದವು. ಒಂದೊಂದರೊಳಗೂ ಸಣ್ಣ ಗೂಡು, ಗೂಡಿನಲ್ಲಿ ಸತ್ತ ಜೇಡಗಳು. ಗೋಡೆಯ ಮೂಲೆಯಲ್ಲಿ ಮಣ್ಣು ತಂದು ಗೂಡು ಕಟ್ಟುತ್ತದಲ್ಲ, ಸೊಂಟ ಸಣ್ಣಗಿರುವ ಕಣಜ, ಅದರ ಕೆಲಸ. ಲಾರಿ ಕೊಟ್ಟಿಗೆಯಲ್ಲಿ ನಿಂತಿದ್ದಾಗ ಕೊಳವೆಯ ಬಾಯಿ ಕಂಡು ಅದು ಅಚ್ಚುಕಟ್ಟಾಗಿ ಸಂಸಾರ ಹೂಡಿತ್ತು.

ಭಾವ ಉಂಡೆಯೊಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಇದಕ್ಕಾ ನಾವು ಇಂಜಿನ್ ಇಳಿಸೋಕೆ ಒಂಟಿದ್ದು?"

"ನಾನೂ ಮೂರು ಸಲ ಅದರ ಪಕ್ಕದಲ್ಲೇ ಮಲಗಿದ್ದೆ," ಎಂದು ಮೇಸ್ತ್ರಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಪುಡಿ ಒಳಗೆ ಹೋಗಿರಬಾರದೆಂದು ಇಂಜಿನ್ನನ್ನೆಲ್ಲ ತೊಳೆದು, ಇದ್ದ ಎಣ್ಣೆಯನ್ನು ಇಳಿಸಿ ಬಟ್ಟೆಯಲ್ಲಿ ಸೋಸಿ, ಕೊಳವೆ ಹಾಕಿ ಕೊಟ್ಟರು. ಕೊಳವೆಯ ತುದಿಗೆ ತಂತಿ ಬಲೆಯ ಒಂದು ತುಂಡನ್ನೂ ಕಟ್ಟಿದರು.

ಆ ಸಂಜೆ ಭಾವ ತಮ್ಮ ಹಳೆಯ ಬಿಳಿ ಪಂಚೆಯೊಂದನ್ನು ಲಾರಿಯ ಕೆಳಗೆ ಹಾಸಿದರು. ಬೆಳಗ್ಗೆ ಅಕ್ಕ ನೀರು ಕಾಯಿಸುವ ಹೊತ್ತಿಗೆ ಅದನ್ನು ಎಳೆದು ತಂದು ಎಲ್ಲರಿಗೂ ತೋರಿಸಿದರು. ಒಂದು ಕಡೆ ಮೂರು ಹನಿ. ಹಳೆಯ ಗಾಡಿಗೆ ಅಷ್ಟು ಇರಲಿ ಎಂದು ನಾವೆಲ್ಲ ಒಪ್ಪಿದೆವು. ಮಾರುವ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ.

ಮುಂದಿನ ಬಾಡಿಗೆಗೆ ಎಡತೊರೆಯ ದಾರಿ ಹಿಡಿದಾಗ ಮಾತ್ರ ನನಗೆ ಇನ್ನೊಂದು ಯೋಚನೆ ಬಂತು. ಎಣ್ಣೆ ಹಾಕುವುದಿಲ್ಲವೆಂದ ಮೇಲೆ ಏನೆಂದು ನಿಲ್ಲಿಸಲಿ? ಸರಿ, ನಿಲ್ಲಿಸದೆ ಹೋಗಿಬಿಡೋಣ, ಅತ್ತೆಯ ಮರ್ಯಾದೆಯನ್ನೂ ಉಳಿಸಿದಂತಾಗುತ್ತದೆ ಎಂದು ಗಟ್ಟಿ ಮನಸ್ಸು ಮಾಡಿದೆ. ಹೊಂಗೆ ಮರ ಹತ್ತಿರ ಬರುವಾಗ ಅತ್ತೆ ರಸ್ತೆಯ ಪಕ್ಕದಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದರು. ಬ್ರೇಕು ಒತ್ತಿದೆ.

"ಸೋರೋದು ನಿಂತೋಯ್ತಾ?"

"ನಿಂತೋಯ್ತು ಅತ್ತೆಮ್ಮ. ಕಣಜ ಗೂಡು ಕಟ್ಟಿತ್ತು."

ಅವರಿಗೆ ಎಲ್ಲ ವಿವರವೂ ಬೇಕಾಯಿತು. ಗೂಡು ಎಷ್ಟು ದೊಡ್ಡದು, ಮಣ್ಣು ಕೆಂಪೋ ಕಪ್ಪೋ, ಮೇಸ್ತ್ರಿ ಏನಂದರು. ಎಲ್ಲ ಕೇಳಿ ತೃಪ್ತಿಯಾಗಿ, ಊರ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋಗಿ, ಹಿಂದಕ್ಕೆ ತಿರುಗದೆ ಹೇಳಿದರು. "ಲಾರಿ ನೀರೂ ಕುಡೀತದೆ ಅಂತ ಕೇಳಿವ್ನಿ. ಬಿಸಿಲಿಗೆ ಬಾಯಾರಿರ್ಬೇಕು. ಮಗೀನ ಕೊಡ ಕೊಟ್ಟು ಕಳಿಸ್ತೀನಿ, ಇರಿ."

ಬಿಸಿಲೇನೂ ಇರಲಿಲ್ಲ, ಜಡಿ ಮಳೆ ಹನಿಯುತ್ತಿತ್ತು. ನಾನು ರೇಡಿಯೇಟರಿನ ಮುಚ್ಚಳ ತೆಗೆದು ಇಟ್ಟುಕೊಂಡು ಕಾದೆ.

ಶ್ರಾವಣದ ಮೊದಲ ವಾರದಲ್ಲಿ ಅವಳನ್ನು ಕರೆದುಕೊಂಡು ಬರಲು ಹೋದೆ. ಈ ಸಲ ಮನೆಯ ಬಾಗಿಲಿಗೇ ಲಾರಿ ತಂದು ನಿಲ್ಲಿಸಿದೆ. ಅತ್ತೆ ಒಬ್ಬಟ್ಟು ಬಡಿಸಿ, ಹೊರಡುವಾಗ ಹುರಿಹಿಟ್ಟಿನ ಡಬ್ಬ, ಹಲಸಿನ ಹಣ್ಣು, ಒಂದು ಕೋಳಿ ಎಲ್ಲ ಹೇರಿಸಿದರು. ಹೆಂಡತಿ ಭಾವ ಕೂರುವ ಜಾಗದಲ್ಲಿ ಕೂತಳು. ಊರು ದಾಟಿದ ಮೇಲೆ ಹಾರನ್ನಿನ ರಬ್ಬರ್ ಬುರುಡೆಯನ್ನು ತೋರಿಸಿ, "ಇದನ್ನ ನಾನು ಒತ್ತಬೌದಾ?" ಎಂದು ಕೇಳಿದಳು.

"ಒತ್ತು."

ದನ ಕಂಡರೆ ಒತ್ತಿದಳು, ಜನ ಕಂಡರೆ ಒತ್ತಿದಳು, ಏನೂ ಕಾಣದಿದ್ದರೂ ಒತ್ತಿದಳು. ಸೇತುವೆಯ ಬಳಿ ಮೇಸ್ತ್ರಿ ಶೆಡ್ಡಿನಿಂದ ಹೊರಗೆ ಬಂದು ಏನಾಯಿತೋ ಎಂದು ನೋಡಿದರು. ಮನೆಯ ಮುಂದೆ ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಭಾವ ಬಾಗಿಲಿನಿಂದ, "ಯಾಕಯ್ಯ ಅಷ್ಟೊಂದು ಸದ್ದು?" ಎಂದರು. ಹೆಂಡತಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗಿಳಿದು, ನಗು ತಡೆಯಲಾಗದೆ ಅಕ್ಕನ ಹಿಂದೆ ಒಳಗೆ ನಡೆದಳು.